ಮೇನ್ ರಾಜ್ಯದ ಜೀವವೈದ್ಯಕೀಯ ಸಂಶೋಧನಾ ಜಾಲ

ವಿಜ್ಞಾನದ ಇತಿಹಾಸಕಾರರು ಬಹುಮಟ್ಟಿಗೆ ಶೋಧಗಳ ಮತ್ತು ಶೋಧಕರ ಕಥೆಯನ್ನೇ ಹೇಳುತ್ತಾರೆ. ಶೋಧಕ್ಕೆ ಅವಕಾಶ ಕಲ್ಪಿಸುವ ಆಡಳಿತದ ಇತಿಹಾಸ ಅಷ್ಟಾಗಿ ಅವರ ಗಮನ ಸೆಳೆದಿಲ್ಲ. ಅಮೆರಿಕದ ಈಶಾನ್ಯ ಅಂಚಿನ ಮೇನ್ ರಾಜ್ಯದಲ್ಲಿ ಪದವಿ ತರಗತಿಗಳ ವಿದ್ಯಾರ್ಥಿಗಳಿಗೂ ನೆರವಾಗುವಂತೆ ಏರ್ಪಟ್ಟ ಸಂಶೋಧನಾ ಜಾಲವೊಂದನ್ನು ನಾವು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಎರಡನೆಯ ಮಹಾಯುದ್ಧದ ತರುವಾಯ ಆ ದೇಶದಲ್ಲಿ ವೈದ್ಯಕೀಯ ಸಂಶೋಧನೆಗೆ ಸರ್ಕಾರದ ಧನಸಹಾಯ ಹೇರಳವಾಗಿ ದೊರೆಯತೊಡಗಿತು. ಅರ್ಜಿಗಳನ್ನು ತಜ್ಞರು ತೂಗಿ ನೋಡಿ, ಯೋಗ್ಯತೆಗನುಸಾರವಾಗಿ ಹಣ ನೀಡುವುದು ಪದ್ಧತಿ. ಪದ್ಧತಿಯೇನೋ ನ್ಯಾಯವಾದುದೇ. ಆದರೆ ಪ್ರಯೋಗಶಾಲೆ ಉಳ್ಳವರಿಗೆ ಹಣ, ಹಣ ಉಳ್ಳವರಿಗೆ ಪ್ರಯೋಗಶಾಲೆ ಎಂಬಂತಾಗಿ, ಸಹಾಯದ ಬಹುಪಾಲು ಕೆಲವೇ ರಾಜ್ಯಗಳಲ್ಲಿ ನೆಲೆನಿಂತಿತು. ಈ ಅಸಮತೆಯನ್ನು ತಗ್ಗಿಸಲು 1993ರಲ್ಲಿ ಅಮೆರಿಕದ ಕಾಂಗ್ರೆಸ್ಸು ಶಾಸನದ ಮೂಲಕ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ 'ಐಡಿಯ' ಎಂಬ ಯೋಜನೆಗೆ ಅಧಿಕಾರವಿತ್ತಿತು. ಅದರ ಅಂಗವಾಗಿ 2001ರಲ್ಲಿ ರಾಜ್ಯವ್ಯಾಪಿ ಜಾಲಗಳು ಹುಟ್ಟಿದವು. 2004ರಲ್ಲಿ ಅವಕ್ಕೆ 'ಇನ್‌ಬ್ರೆ' ಎಂಬ ಹೆಸರಾಯಿತು. 23 ರಾಜ್ಯಗಳೂ ಪೋರ್ಟೊ ರಿಕೊವೂ ಈ ಯೋಜನೆಗೆ ಅರ್ಹವೆನಿಸಿದವು.

ಮೇನ್ ರಾಜ್ಯದಲ್ಲಿ ಜಾಲದ ಹೊಣೆ ಹೊತ್ತುದು ವಿಶ್ವವಿದ್ಯಾನಿಲಯವಲ್ಲ, ಮೌಂಟ್ ಡೆಸರ್ಟ್ ದ್ವೀಪದ ಜೈವಿಕ ಪ್ರಯೋಗಶಾಲೆ. ಇದು 1898ರಲ್ಲಿ ಸೌತ್ ಹಾರ್ಪ್ಸ್‌ವೆಲ್ಲಿನಲ್ಲಿ ಆರಂಭವಾಗಿ, 1921ರಲ್ಲಿ ದ್ವೀಪಕ್ಕೆ ಬಂದಿತು. ಬೇಸಗೆಯಲ್ಲಿ ಹೊರಗಿನ ವಿದ್ವಾಂಸರು ಬಂದು ಕಡಲಜೀವಿಗಳ ಮೇಲೆ ಕೆಲಸಮಾಡುವುದು ಇಲ್ಲಿನ ಸಂಪ್ರದಾಯ. ರಕ್ತವನ್ನು ಸೋಸುವ ಗ್ಲಾಮೆರುಲಸ್ ಇಲ್ಲದ ಮೀನಿನ ಮೂತ್ರಪಿಂಡವನ್ನು ಅಭ್ಯಸಿಸಿ, ಅದರ ನಾಳಗಳು ತಾವೇ ದ್ರವ್ಯಗಳನ್ನು ಸ್ರವಿಸಬಲ್ಲವೆಂದು ಇ. ಕೆ. ಮಾರ್ಷಲ್ ತೋರಿಸಿಕೊಟ್ಟರು. ಅತಿಥಿಗಳಿಗೆ ಉಪಕರಣವನ್ನೂ ಸ್ಥಳವನ್ನೂ ಒದಗಿಸಿ ರೂಢಿಯಿದ್ದ ಸಂಸ್ಥೆಗೆ ಬೇಟ್ಸ್, ಬೌಡನ್, ಕಾಲ್ಬಿ ಮುಂತಾದ ಕಾಲೇಜುಗಳನ್ನು ಒಂದು ಜಾಲದಲ್ಲಿ ಕೂಡಿಸುವ ಕಾರ್ಯ ಸಹಜವಾಗಿ ಒಪ್ಪಿತೆಂದು ನಾವು ಭಾವಿಸುತ್ತೇವೆ.

ಇಂಥ ಜಾಲದ ಆಡಳಿತ ಮೇಲ್ನೋಟಕ್ಕೆ ಲೆಕ್ಕಪತ್ರದ ಕೆಲಸ. ಅನುದಾನ ಮುಖ್ಯ ಸಂಸ್ಥೆಗೆ ಬರುತ್ತದೆ. ಅಲ್ಲಿಂದ ಪಾಲುದಾರ ಕಾಲೇಜುಗಳಿಗೆ ಉಪ ಅನುದಾನವಾಗಿ ಹರಿಯುತ್ತದೆ. ಕಾಲೇಜುಗಳ ಪ್ರತಿನಿಧಿಗಳುಳ್ಳ ನಿರ್ವಾಹಕ ಸಮಿತಿ ದಾರಿ ತೋರುತ್ತದೆ; ಹೊರಗಿನ ತಜ್ಞರ ಸಮಿತಿ ಗುಣದೋಷಗಳನ್ನು ಎತ್ತಿ ಹೇಳುತ್ತದೆ. ಆದರೆ ನಿಜವಾದ ಕಷ್ಟ ಬೇರೆಡೆ ಇದೆ. ಸಣ್ಣ ಕಾಲೇಜಿನ ಅಧ್ಯಾಪಕನಿಗೆ ಯಂತ್ರಕ್ಕಿಂತ ಹೆಚ್ಚಾಗಿ ಬೇಕಾದುದು ಕಾಲ. ಬೋಧನೆಯ ಭಾರವನ್ನು ತಗ್ಗಿಸದೆ ಸೂಕ್ಷ್ಮದರ್ಶಕವನ್ನು ಕಳುಹಿಸಿದರೆ ಅದು ಬೀರುವಿನಲ್ಲಿ ಧೂಳು ತಿನ್ನುತ್ತದೆ. ಪಾಠದ ಹೊರೆಯಿಂದ ಬಿಡುವು, ವಿದ್ಯಾರ್ಥಿಗೆ ಬೇಸಗೆಯ ವೇತನ, ದ್ವೀಪದಲ್ಲಿ ಕೆಲವು ದಿನಗಳ ಶಿಕ್ಷಣ: ಈ ಮೂರೂ ಒಂದೇ ವೇಳೆಗೆ ಕೂಡಿಬರುವಂತೆ ಮಾಡುವುದೇ ಆಡಳಿತದ ಜಾಣ್ಮೆ.

ಇನ್ನೊಂದು ತೊಡಕೂ ಉಂಟು. ಅನುದಾನದ ಅವಧಿ ಐದು ವರ್ಷ, ವರದಿ ಪ್ರತಿವರ್ಷ. ಇಂದು ಪಿಪೆಟ್ಟು ಹಿಡಿಯಲು ಕಲಿತ ವಿದ್ಯಾರ್ಥಿ ವೈದ್ಯನಾಗುವುದಕ್ಕೋ ಶೋಧಕನಾಗುವುದಕ್ಕೋ ಹತ್ತು ವರ್ಷ ಬೇಕು. ಪ್ರಕಟವಾದ ಲೇಖನಗಳನ್ನಷ್ಟೇ ಎಣಿಸುವುದಾದರೆ ಹಣ ಮರಳಿ ದೊಡ್ಡ ಪ್ರಯೋಗಶಾಲೆಗಳತ್ತಲೇ ವಾಲುತ್ತದೆ. ಯಾವ ಅಸಮತೆಯನ್ನು ಕಳೆಯಲು ಯೋಜನೆ ಹುಟ್ಟಿತೋ ಅದೇ ರಾಜ್ಯದೊಳಗೆ ತಲೆಯೆತ್ತುತ್ತದೆ. 2011ರ ಕೊನೆಯಲ್ಲಿ ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ರಾಷ್ಟ್ರೀಯ ಕೇಂದ್ರವೇ ರದ್ದಾಗಿ, ಹೊಣೆ ಬೇರೊಂದು ಸಂಸ್ಥೆಗೆ ಹೋಯಿತು. ಆದರೂ ಜಾಲಗಳು ಮುಂದುವರಿದವು. ಕೇಂದ್ರದ ಕಚೇರಿ ಬದಲಾದರೂ ಕಾಲೇಜುಗಳ ನಡುವಣ ನಂಟು ಕಡಿಯಲಿಲ್ಲ. ಜಾಲದ ಬಲವನ್ನು ಅಳೆಯಬೇಕಾದುದು ಈ ನಂಟಿನಿಂದಲೇ ಎಂಬುದು ನಮ್ಮ ಅಭಿಪ್ರಾಯ.