ಊರಿಗೆ ಬೆಲೆ ಬಂದಾಗ ಉಳಿಯುವವರು ಯಾರು?

ಊರಿನ ಬೆಲೆ ಏರಿದಾಗ ಊರಿನವರು ಏನಾಗುತ್ತಾರೆ? ನಗರಗಳ ಬೆಳವಣಿಗೆಯನ್ನು ಅಭ್ಯಾಸ ಮಾಡುವವರನ್ನು ಅರವತ್ತು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ ಇದು. ಲಂಡನ್ನಿನ ಕಾರ್ಮಿಕರ ಕೇರಿಗಳಿಗೆ ಅನುಕೂಲಸ್ಥರು ಬಂದು ನೆಲೆಸತೊಡಗಿದಾಗ ಹಳೆಯ ಬಾಡಿಗೆದಾರರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಬೇಕಾಯಿತು. ಇದನ್ನು ಗಮನಿಸಿದ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಈ ಬದಲಾವಣೆಗೆ ‘ಜೆಂಟ್ರಿಫಿಕೇಷನ್’ ಎಂದು ಹೆಸರಿಟ್ಟರು. ಉಳ್ಳವರು ಬಂದಂತೆ ಇಲ್ಲದವರು ಎದ್ದು ಹೋಗುವುದು ಎಂದು ಇದನ್ನು ಸರಳವಾಗಿ ಹೇಳಬಹುದು.

ಅದೇ 1964ರಲ್ಲಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟು ಪೂರ್ಣಗೊಂಡಿತು. ಎರಡು ಘಟನೆಗಳಿಗೆ ನೇರ ಸಂಬಂಧವೇನೂ ಇಲ್ಲ. ಆದರೆ ಕೆಳದಿ ಸೀಮೆಯ ಐದು ಶತಮಾನಗಳ ಇತಿಹಾಸವನ್ನು ನೋಡಿದರೆ ಇಲ್ಲಿಯೂ ಅದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನೆಲಕ್ಕೆ ವಲಸೆ ಹೊಸದಲ್ಲ. 1500ರ ಸುಮಾರಿಗೆ ಚೌಡಪ್ಪ ನಾಯಕ ಕೆಳದಿಯಲ್ಲಿ ಅರಸೊತ್ತಿಗೆಗೆ ಅಡಿಪಾಯ ಹಾಕಿದಾಗ ಅದೊಂದು ಹಳ್ಳಿ. ಹದಿನಾರನೇ ಶತಮಾನದಲ್ಲಿ ರಾಜಧಾನಿ ಇಕ್ಕೇರಿಗೆ ಹೋಯಿತು. ಎರಡರ ನಡುವೆ ಸದಾಶಿವ ನಾಯಕನ ಹೆಸರಿನ ಕೆರೆ ‘ಸದಾಶಿವಸಾಗರ’ವೇ ಇಂದಿನ ಸಾಗರ ಪಟ್ಟಣಕ್ಕೆ ಹೆಸರು ಕೊಟ್ಟಿತು. 1623ರಲ್ಲಿ ವೆಂಕಟಪ್ಪ ನಾಯಕನ ಕಾಲದಲ್ಲಿ ಇಕ್ಕೇರಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆಟ್ರೊ ಡೆಲ್ಲಾ ವಾಲೆ, ಅಲ್ಲಿನ ಉದ್ದನೆಯ ಬೀದಿಗಳನ್ನು, ಮರಗಳ ನೆರಳನ್ನು ಬಣ್ಣಿಸಿದ್ದಾನೆ. ಜೊತೆಗೆ ಮನೆಗಳು ಅಷ್ಟೇನೂ ಗಟ್ಟಿಯಲ್ಲ, ಮೂರನೆಯ ಸುತ್ತಿನ ಹೊರಗಿನವಂತೂ ತೀರ ಸಾಧಾರಣ ಎಂದೂ ಬರೆದಿದ್ದಾನೆ. ಊರಿನ ಅಂಚಿಗೆ ಬಡವರು ಸರಿಯುವುದು ಅಂದಿಗೂ ಹೊಸದಾಗಿರಲಿಲ್ಲ.

ವಿಜಾಪುರದ ದಾಳಿಯಿಂದ ಇಕ್ಕೇರಿ ನಲುಗಿದ ಮೇಲೆ, 1639ರಲ್ಲಿ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ಸ್ಥಳಾಂತರಿಸಿದ. ಹೊಸಂಗಡಿ ಘಾಟಿಯ ಮೂಲಕ ಕರಾವಳಿಗೆ ಇಳಿಯುವ ದಾರಿಯಲ್ಲಿದ್ದ ಈ ಊರು ಶಿವಪ್ಪ ನಾಯಕನ ಆಳ್ವಿಕೆಯಲ್ಲಿ ದೊಡ್ಡ ಪೇಟೆಯಾಗಿ ಬೆಳೆಯಿತು. ಮೆಣಸು, ಅಕ್ಕಿ, ಅಡಿಕೆಗಳ ವ್ಯಾಪಾರ ಬೆಳೆದಂತೆ ಜನ ಬಂದರು. ಮನೆಗಳ ಸಂಖ್ಯೆ ಲಕ್ಷಕ್ಕೆ ಸಮೀಪಿಸಿದ್ದರಿಂದಲೇ ಇದು ‘ನಗರ’ ಎನಿಸಿಕೊಂಡಿತು ಎಂಬ ಐತಿಹ್ಯವಿದೆ. ಅದು ಉತ್ಪ್ರೇಕ್ಷೆಯಾದರೂ ಊರಿನ ವೈಭವದ ನೆನಪು ಎಷ್ಟು ಗಾಢವಾಗಿತ್ತು ಎಂಬುದಕ್ಕೆ ಸಾಕ್ಷಿ.

ಬಂದವರಲ್ಲಿ ಕೊಂಕಣಿ ಮಾತನಾಡುವ ವರ್ತಕರು, ಲೆಕ್ಕಪತ್ರ ಬಲ್ಲವರು ಇದ್ದರು. ಪೋರ್ಚುಗೀಸರ ಗೋವಾದಿಂದ ಬಂದ ಕ್ರೈಸ್ತ ರೈತರಿಗೂ ನಾಯಕರ ರಾಜ್ಯದಲ್ಲಿ ನೆಲೆ ಸಿಕ್ಕಿತು. ಸಾಗರ, ಸೊರಬಗಳಲ್ಲಿ ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಹಿರಿಯರು ಕೂಡ ಗೋವಾ ಕಡೆಯಿಂದ ಬಂದವರೆಂಬ ನಂಬಿಕೆಯಿದೆ. ಆಳುವವರಿಗೆ ದುಡಿಯುವ ಕೈಗಳು ಬೇಕಿದ್ದವು, ಬಂದವರಿಗೆ ನೆಲೆ ಬೇಕಿತ್ತು. ಹೊರಗಿನವರ ಕುಶಲತೆಯೇ ಕ್ರಮೇಣ ಈ ಸೀಮೆಯ ಗುರುತಾಯಿತು.

ನೆಲಕ್ಕೆ ಲೆಕ್ಕ ಬಂದದ್ದೂ ಆಗಲೇ. ‘ಶಿವಪ್ಪ ನಾಯಕನ ಶಿಸ್ತು’ ಎಂದೇ ಪ್ರಸಿದ್ಧವಾದ ಕಂದಾಯ ಪದ್ಧತಿಯ ಬಗ್ಗೆ ಒಂದು ವಿವರ ಪ್ರಚಲಿತವಾಗಿದೆ. ಪ್ರತಿ ಊರಿನಲ್ಲಿ ಒಂದೊಂದು ಬಗೆಯ ಭೂಮಿಯನ್ನು ಹನ್ನೆರಡು ವರ್ಷ ಸರ್ಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತನೆ, ಖರ್ಚು, ಫಸಲುಗಳ ಸರಾಸರಿ ತೆಗೆದು ತೆರಿಗೆಯನ್ನು ನಿಗದಿಪಡಿಸಲಾಯಿತಂತೆ. ಭೂಮಿ ಯಾರದು, ಎಷ್ಟು ಎಂಬುದು ಬರವಣಿಗೆಗೆ ಇಳಿದಾಗ ಆ ಬರವಣಿಗೆಯಲ್ಲಿ ಹೆಸರಿದ್ದವನಿಗೆ ಬಲ ಬಂದಿತು. ಹೆಸರಿಲ್ಲದೆ ಉತ್ತವನಿಗೆ ಆ ಬಲ ಇರಲಿಲ್ಲ.

1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡು ಅದಕ್ಕೆ ‘ಹೈದರ್‌ನಗರ’ ಎಂದು ಹೆಸರಿಟ್ಟ. 1783ರಲ್ಲಿ ಬ್ರಿಟಿಷರು ಹಿಡಿದ ಕೋಟೆಯನ್ನು ಟಿಪ್ಪು ಅದೇ ವರ್ಷ ಮರಳಿ ಪಡೆದ. ಯುದ್ಧಗಳ ನಡುವೆ ಪೇಟೆ ಸೊರಗಿತು. ವ್ಯಾಪಾರ ಕುಸಿದಾಗ ವರ್ತಕರು ಹೊರಟರು, ಅವರ ಹಿಂದೆ ಕುಶಲಕರ್ಮಿಗಳೂ ಹೊರಟರು. ಕೊನೆಗೆ ತಾಲ್ಲೂಕು ಕಚೇರಿ ಕೂಡ ಕಲ್ಲೂರುಕಟ್ಟೆಗೆ ಹೋಯಿತು. ಅದೇ ಇಂದಿನ ಹೊಸನಗರ. ಹೆಸರಿನಲ್ಲೇ ಸ್ಥಳಾಂತರದ ಕಥೆ ಇರುವ ಊರು ಇದು.

ಇಪ್ಪತ್ತನೇ ಶತಮಾನದಲ್ಲಿ ಈ ಸೀಮೆಗೆ ಬೆಲೆ ಬಂದದ್ದು ಕೋಟೆಯಿಂದಲ್ಲ, ನೀರಿನಿಂದ. 1948ರಲ್ಲಿ ಜೋಗದ ವಿದ್ಯುದಾಗಾರಕ್ಕಾಗಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಸಿದ್ಧವಾಯಿತು. ಹದಿನಾರು ವರ್ಷಗಳ ನಂತರ ಲಿಂಗನಮಕ್ಕಿಯ ನೀರು ಆ ಅಣೆಕಟ್ಟನ್ನೇ ಮುಳುಗಿಸಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ಮತ್ತೆ ತಲೆಯೆತ್ತುತ್ತದೆ. 151 ಟಿಎಂಸಿ ನೀರು ಹಿಡಿಯುವ ಹೊಸ ಜಲಾಶಯಕ್ಕಾಗಿ ಸಾವಿರಾರು ಕುಟುಂಬಗಳು ಗದ್ದೆ, ತೋಟ, ಮನೆಗಳನ್ನು ತೊರೆದವು. ನಾಡಿಗೆ ಬೆಳಕು ಬಂದಿತು. ಅದಕ್ಕೆ ಜಾಗ ಬಿಟ್ಟುಕೊಟ್ಟವರ ಪಾಲಿಗೆ ಏನು ಬಂದಿತು ಎಂಬುದು ಬೇರೆಯದೇ ಕಥೆ.

ಅಲ್ಲಿ ಹಲವರು ಗೇಣಿದಾರರು. ಉತ್ತ ಭೂಮಿಯ ಹಕ್ಕಿಗಾಗಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದಿತ್ತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಆ ಹೋರಾಟ ಸಮಾಜವಾದಿ ಚಳವಳಿಯ ಚರಿತ್ರೆಯಲ್ಲಿ ಅಚ್ಚಳಿಯದೆ ಉಳಿದಿದೆ. ಉಳುವವನೇ ಹೊಲದೊಡೆಯ ಎಂಬ ಮಾತಿಗೆ ನಿಜವಾದ ಬಲ ಬಂದದ್ದು 1974ರ ತಿದ್ದುಪಡಿಯಿಂದ. ನೀರಿನ ಹೊರಗಿದ್ದ ಗೇಣಿದಾರರು ಒಡೆಯರಾದರು. ಮುಳುಗಿದ ಗದ್ದೆಯ ಗೇಣಿದಾರನಿಗೆ ಕಾನೂನು ತಲುಪುವ ಹೊತ್ತಿಗೆ ಗದ್ದೆಯೇ ಇರಲಿಲ್ಲ. ಹತ್ತು ವರ್ಷಗಳ ಅಂತರ ನೆರೆಹೊರೆಯವರ ಹಣೆಬರಹವನ್ನೇ ಬೇರೆ ಮಾಡಿತು.

ಎದ್ದುಬಂದವರಿಗೆ ಜಿಲ್ಲೆಯ ಹಲವು ಕಡೆ ಕಾಡಿನ ಜಾಗ ತೋರಿಸಲಾಯಿತು. ಅವರು ಕಾಡು ಕಡಿದು, ಗದ್ದೆ ಮಾಡಿ, ಅಡಿಕೆ ನೆಟ್ಟರು. ಆದರೆ ಕಾಗದದಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅಂಥ ಭೂಮಿಯನ್ನು ಬಿಡಿಸುವಂತಿಲ್ಲ. ಆ ಬಳಿಕ ರಾಜ್ಯ ಸರ್ಕಾರ ಹೊರಡಿಸಿದ್ದ ಡಿನೋಟಿಫಿಕೇಷನ್ ಆದೇಶಗಳನ್ನು ಕೇಂದ್ರದ ಅನುಮತಿ ಪಡೆದಿಲ್ಲವೆಂಬ ಕಾರಣಕ್ಕೆ ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು. ಹಕ್ಕುಪತ್ರವಿಲ್ಲದ ತೋಟಕ್ಕೆ ಬ್ಯಾಂಕಿನ ಸಾಲ ಸುಲಭವಲ್ಲ, ಮಕ್ಕಳಿಗೆ ಪಾಲು ಮಾಡಿಕೊಡುವುದೂ ಸುಲಭವಲ್ಲ.

ಇತ್ತ ಹಿನ್ನೀರಿನ ಆಚೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಜನರಿಗೆ ಊರೇ ದ್ವೀಪವಾಯಿತು. ತುಮರಿಯವರು ಸಾಗರಕ್ಕೆ ಬರಲು ಲಾಂಚ್ ಕಾಯಬೇಕಿತ್ತು. ರಾತ್ರಿ ಲಾಂಚ್ ಇಲ್ಲ. ರೋಗಿಯಾಗಲಿ, ಬಸುರಿಯಾಗಲಿ ಬಹುದೂರದ ಸುತ್ತುದಾರಿಯೇ ಗತಿ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಆರು ದಶಕಗಳ ಸಂಕಷ್ಟಕ್ಕೆ ಕೊನೆ ಬಿದ್ದಿತು. ಇದು ಅಲ್ಲಿಯ ಜನರೇ ಹೋರಾಡಿ ಪಡೆದ ಅನುಕೂಲ ಎಂಬುದನ್ನು ಮರೆಯುವಂತಿಲ್ಲ.

ಆದರೆ ದಾರಿ ಆದಲ್ಲಿ ನೆಲಕ್ಕೆ ಬೆಲೆ ಬರುತ್ತದೆ. ಸಿಗಂದೂರಿನ ಭಕ್ತರು, ಹಿನ್ನೀರು ನೋಡುವ ಪ್ರವಾಸಿಗರು ಈಗ ನೇರವಾಗಿ ವಾಹನದಲ್ಲೇ ದಾಟುತ್ತಾರೆ. ನೀರಿನಂಚಿನ ಜಾಗದ ಮೇಲೆ ಕಣ್ಣಿಡುವವರು ಬಂದರೆ ಆಶ್ಚರ್ಯವಿಲ್ಲ. ಪಹಣಿಯಲ್ಲಿ ಹೆಸರಿರುವವನು ಆಗ ಬೇಕಾದರೆ ಮಾರುತ್ತಾನೆ, ಬೇಡವಾದರೆ ತಾನೇ ಹೋಂಸ್ಟೇ ತೆರೆಯುತ್ತಾನೆ. ಹೆಸರಿಲ್ಲದವನಿಗೆ ಎರಡೂ ಇಲ್ಲ.

ಹೊರಗಿನವರು ಬರುವುದೇ ತಪ್ಪೆಂದರೆ ಕೆಳದಿ ಸೀಮೆಯ ಇತಿಹಾಸಕ್ಕೆ ಅರ್ಥವಿರುವುದಿಲ್ಲ. ಬಿದನೂರನ್ನು ಬೆಳೆಸಿದವರಲ್ಲಿ ಹೊರಗಿನವರ ಪಾಲು ದೊಡ್ಡದು. ಹೊಸಬರಿಗೆ ಜಾಗ ಕೊಡುವ ಊರು ಹಳಬರಿಗೆ ಅವರ ಜಾಗವನ್ನು ಬರೆದುಕೊಟ್ಟಿದೆಯೇ ಎಂಬುದಷ್ಟೇ ಇಲ್ಲಿ ಮುಖ್ಯ. ಒಮ್ಮೆ ನೀರಿಗಾಗಿ ಜಾಗ ಬಿಟ್ಟವರು ಈಗ ರಸ್ತೆಗೆ ಬಂದ ಬೆಲೆಯಿಂದಾಗಿ ಮತ್ತೊಮ್ಮೆ ಜಾಗ ಬಿಡಬಾರದು ಎಂದಾದರೆ, ಸೇತುವೆಯ ನಂತರ ಆಗಬೇಕಾದ ಮೊದಲ ಕೆಲಸ ಹಕ್ಕುಪತ್ರ.