ಲಾಪ್ಲಾಸನ ಹೆಸರು, ಹೆವಿಸೈಡನ ಲೆಕ್ಕ



ನಮ್ಮ ಬಳಗದಲ್ಲಿ ಎಂಜಿನಿಯರಿಂಗ್ ಓದಿ ವಿಮಾನ ಹತ್ತಿದವರೇ ಹೆಚ್ಚು. ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಎಂದೊಡನೆ ನಮಗೆ ನೆನಪಾಗುವುದು ಆ ಕೋಷ್ಟಕ: 1ಕ್ಕೆ 1/ಎಸ್, ಟಿಗೆ 1/ಎಸ್². ಮಗ್ಗಿಯಂತೆ ಬಾಯಿಪಾಠ ಮಾಡಿದೆವು, ಪಾಸಾದೆವು. ಈ ಲೆಕ್ಕ ಎಲ್ಲಿಂದ ಬಂತೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೆಸರೇನೋ ಫ್ರಾನ್ಸಿನ ಪಿಯೆರ್ ಸಿಮೋನ್ ಲಾಪ್ಲಾಸನದು (1749–1827). ಇಂಥ ಇಂಟಿಗ್ರಲ್‌ಗಳನ್ನು ಆತನಿಗೂ ಮೊದಲೇ ಆಯ್ಲರ್ ಬಳಸಿದ್ದ. ಲಾಪ್ಲಾಸ್ ಅವುಗಳನ್ನು ದುಡಿಸಿಕೊಂಡದ್ದು ಸಂಭಾವ್ಯತೆಯ ಲೆಕ್ಕಗಳಲ್ಲಿ. ನಾವು ಬಿಡಿಸಿದ ಸರ್ಕ್ಯೂಟುಗಳ ಹಿಂದಿದ್ದವನು ಬೇರೊಬ್ಬ.

ಆತ ಆಲಿವರ್ ಹೆವಿಸೈಡ್. 1850ರಲ್ಲಿ ಲಂಡನ್ನಿನ ಬಡ ಮನೆಯಲ್ಲಿ ಹುಟ್ಟಿದವ. ಕಿವಿ ಮಂದ. ಹದಿನಾರಕ್ಕೇ ಶಾಲೆ ಬಿಟ್ಟು, ಮುಂದೆ ಟೆಲಿಗ್ರಾಫ್ ಕೆಲಸಕ್ಕೆ ಸೇರಿದ. 1874ರಲ್ಲಿ ಅದನ್ನೂ ಬಿಟ್ಟು, ಹೆತ್ತವರ ಮನೆಯಲ್ಲಿ ಕೂತು ಮ್ಯಾಕ್ಸ್‌ವೆಲ್ಲನ ಗ್ರಂಥವನ್ನು ತಾನೇ ಓದಿಕೊಂಡ. (ನಮ್ಮ ಮನೆಗಳಲ್ಲಾಗಿದ್ದರೆ ಏನೆಲ್ಲ ಕೇಳಬೇಕಾಗುತ್ತಿತ್ತೋ!)

'ಡಿಫರೆನ್ಷಿಯೇಟ್ ಮಾಡು' ಎಂಬ ಕ್ರಿಯೆಗೆ ಆತ 'ಪಿ' ಎಂದು ಹೆಸರಿಟ್ಟ. ಆಮೇಲೆ ಅದನ್ನು ಮಾಮೂಲಿ ಸಂಖ್ಯೆಯಂತೆ ಗುಣಿಸಿ ಭಾಗಿಸಿದ, ಅಷ್ಟೇ. 1 ಹೆನ್ರಿಯ ತಂತಿಸುರುಳಿ, 1 ಓಮ್ ರೋಧಕ, 1 ವೋಲ್ಟ್ ಬ್ಯಾಟರಿ ಇಟ್ಟುಕೊಂಡು ಸ್ವಿಚ್ ಹಾಕಿ. ಕರೆಂಟು 1/(ಪಿ+1). ಬಿಡಿಸಿ ಬರೆದರೆ 1/ಪಿ − 1/ಪಿ² + 1/ಪಿ³… 1/ಪಿ ಎಂದರೆ ಒಮ್ಮೆ ಇಂಟಿಗ್ರೇಟ್ ಮಾಡು ಎಂದರ್ಥ. ಹಾಗೆ ಮಾಡಿದರೆ ಟಿ − ಟಿ²/2 + ಟಿ³/6… ಇದು 1ರಿಂದ 'ಇ'ಯ ಮೈನಸ್ ಟಿ ಘಾತವನ್ನು ಕಳೆದದ್ದೇ ಹೊರತು ಬೇರೆಯಲ್ಲ. ನಾವು ಪರೀಕ್ಷೆಯಲ್ಲಿ 1/ಎಸ್(ಎಸ್+1) ಅನ್ನು ಎರಡು ತುಂಡು ಮಾಡಿ, ಕೋಷ್ಟಕ ನೋಡಿ ಬರೆಯುತ್ತಿದ್ದ ಉತ್ತರವೂ ಅದೇ.

ಉತ್ತರ ಸರಿ, ಆದರೆ ಸಾಧನೆ ಎಲ್ಲಿ? 1891ರಲ್ಲಿ ಆತನನ್ನು ಫೆಲೋ ಮಾಡಿಕೊಂಡಿದ್ದ ರಾಯಲ್ ಸೊಸೈಟಿ, ಈ ವಿಧಾನದ ಕುರಿತ ಲೇಖನದ ಎರಡು ಭಾಗಗಳನ್ನು ಅಚ್ಚು ಹಾಕಿ ಮೂರನೆಯದನ್ನು ತಿರಸ್ಕರಿಸಿತು. ಗಣಿತಜ್ಞರ ಆಕ್ಷೇಪವನ್ನು ಪೂರ್ತಿ ತಪ್ಪೆನ್ನಲಾರೆವು. ಯಾವ ಸರಣಿಯನ್ನು ಎಲ್ಲಿ ನಂಬಬಹುದೆಂದು ಆತ ಕೈಗುಣದಿಂದ ನಿರ್ಧರಿಸುತ್ತಿದ್ದ. ಆದರೂ ಬಾಗಿಲು ಮುಚ್ಚುವ ಬದಲು ಒಬ್ಬರಾದರೂ ಕೂತು ಸಾಧನೆ ಬರೆದುಕೊಡಬಹುದಿತ್ತು.

ಆ ಕೆಲಸವನ್ನು 1916ರಲ್ಲಿ ಬ್ರಾಮ್‌ವಿಚ್ ಶುರು ಮಾಡಿದ. 1937ರಲ್ಲಿ ಜರ್ಮನಿಯ ಡಾಯ್ಚ್ ಲಾಪ್ಲಾಸ್ ಇಂಟಿಗ್ರಲ್‌ನ ತಳಹದಿ ಹಾಕಿ ದೊಡ್ಡ ಗ್ರಂಥವನ್ನೇ ಬರೆದ. ಹೆವಿಸೈಡ್ 1925ರಲ್ಲೇ ತೀರಿಕೊಂಡಿದ್ದ.

ನಮ್ಮ ಪಠ್ಯದಲ್ಲಿ ಆತನ ಹೆಸರು ಒಂದೇ ಕಡೆ ಇತ್ತು: ಸೊನ್ನೆಯಲ್ಲಿದ್ದು ಥಟ್ಟನೆ ಒಂದಕ್ಕೆ ಏರುವ ಸ್ಟೆಪ್ ಫಂಕ್ಷನ್ನಿನ ಪಕ್ಕ. 'ಹೆವಿ ಸೈಡ್' ಎಂದರೆ ಭಾರವಾದ ಬದಿ ಇರಬೇಕೆಂದು ನಾವು ಬಹಳ ದಿನ ತಿಳಿದಿದ್ದೆವು.