ಕುಮಾರಪರ್ವತ ಚಾರಣ

ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು, 1,712 ಮೀಟರ್ ಎತ್ತರದ ಕುಮಾರಪರ್ವತದ ನೆತ್ತಿ ಮುಟ್ಟಿ, ಬಂದ ದಾರಿಯಲ್ಲೇ ಅಥವಾ ಕೊಡಗಿನ ಸೋಮವಾರಪೇಟೆ ಕಡೆಗೆ ಇಳಿಯುವ ಕಾಡುದಾರಿ. ಬಹುಕಾಲ ಇದು ಸಾಮಾನ್ಯವಾಗಿ ಎರಡು ದಿನದ ನಡಿಗೆಯಾಗಿತ್ತು.

ಈ ದಾರಿ ಮೊದಲು ಸವೆದದ್ದು ಭಕ್ತರ ಕಾಲಿಗೆ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧವನ್ನು ಕುಮಾರಧಾರಾ ನದಿಯಲ್ಲಿ ತೊಳೆದನೆಂಬುದು ಇಲ್ಲಿನ ಸ್ಥಳಪುರಾಣ. ಶಿಖರದಲ್ಲಿ ಸಿಗುವ, ಲಿಂಗದಂತೆ ಕಾಣುವ ಸಣ್ಣ ಕಲ್ಲುಗಳನ್ನು ಕುಮಾರಲಿಂಗವೆಂದು ಹೆಕ್ಕಿ ತಂದು ಪೂಜಿಸುವುದುಂಟು. ಬೆನ್ನಿಗೆ ಚೀಲ ಹೊತ್ತ ನಗರದವರು ಬಂದದ್ದು ಆಮೇಲೆ.

ನ್ಯೂಜಿಲೆಂಡಿನ ಮಿಲ್ಫರ್ಡ್ ಟ್ರ್ಯಾಕ್ ಎಂಬ ಚಾರಣದಾರಿಯಲ್ಲಿ ನಡೆಯುವವರಿಗೆಂದೇ ಕಟ್ಟಿದ ತಂಗುಮನೆಗಳಿವೆ. ಇಲ್ಲಿ ಆ ಕೆಲಸ ಮಾಡಿದ್ದು ಗಿರಿಗದ್ದೆಯ ಒಂದು ಕೃಷಿಕರ ಮನೆ. ಎಲ್ಲರ ಬಾಯಲ್ಲೂ ಅದು ‘ಭಟ್ಟರ ಮನೆ’. ಕಡಿದಾದ ಕಾಡು ಹತ್ತಿ, ಕಾಲಿಗೆ ಕಚ್ಚಿದ ಇಂಬಳಗಳನ್ನು ಉಪ್ಪು ಹಾಕಿ ಬಿಡಿಸಿಕೊಂಡು ಬಂದವರಿಗೆ ಅಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ, ಉಪ್ಪಿನಕಾಯಿ. ಈ ಚಾರಣದ ಚರಿತ್ರೆಯಲ್ಲಿ ಶಿಖರಕ್ಕಿಂತ ಈ ಮನೆಯೇ ದೊಡ್ಡದು ಎಂದರೆ ತಪ್ಪಲ್ಲ. ಊಟವೂ ಸೂರೂ ಸಿಗದಿದ್ದರೆ ಎಷ್ಟೋ ಮಂದಿ ಮೊದಲ ಸಲ ಬೆಟ್ಟ ಹತ್ತುತ್ತಲೇ ಇರಲಿಲ್ಲ. ಮನೆ ದಾಟಿದರೆ ಅರಣ್ಯ ಇಲಾಖೆಯ ತಪಾಸಣೆ, ಬೋಳು ಹುಲ್ಲುಗುಡ್ಡ, ಕಲ್ಲುಮಂಟಪ, ಶೇಷಪರ್ವತ.

ಈ ಬೆಟ್ಟವಿರುವ ಪುಷ್ಪಗಿರಿ ಕಾಡು 1987ರಲ್ಲಿ ವನ್ಯಧಾಮವಾಯಿತು. ನಗರಗಳು ಬೆಳೆದಂತೆ ಜನವೂ ಹೆಚ್ಚಿತು. ಶೋಳಿಂಗನಲ್ಲೂರಿನಂಥ ಐ.ಟಿ. ಪ್ರದೇಶಗಳು ತಲೆಯೆತ್ತಿದ ಚೆನ್ನೈಯಲ್ಲಿ 2008ರಲ್ಲಿ ಚೆನ್ನೈ ಟ್ರೆಕ್ಕಿಂಗ್ ಕ್ಲಬ್ ಹುಟ್ಟಿತು. ಬೆಂಗಳೂರಿನಲ್ಲಂತೂ ವಾರಾಂತ್ಯದ ಚಾರಣ ಒಂದು ವ್ಯಾಪಾರವೇ ಆಯಿತು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯ ಕಾಡ್ಗಿಚ್ಚಿಗೆ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಬಲಿಯಾದರು. ಒಣಹುಲ್ಲಿನ ಗುಡ್ಡದಲ್ಲಿ ಬೆಂಕಿ ಗಾಳಿಯೊಡನೆ ಮೇಲಕ್ಕೆ ಓಡುತ್ತದೆ, ಮನುಷ್ಯ ಅಷ್ಟು ಬೇಗ ಓಡಲಾರ. ಕುಮಾರಪರ್ವತದ ಮೇಲ್ಭಾಗವೂ ಅಂಥದೇ ಹುಲ್ಲು. ಬೇಸಿಗೆಯಲ್ಲಿ ದಾರಿ ಮುಚ್ಚುವುದಕ್ಕೆ ಇದೂ ಒಂದು ಕಾರಣ.

2024ರ ಜನವರಿಯ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಇಲ್ಲಿ ಜಾತ್ರೆಯಂತೆ ಜನ ಸೇರಿದರು. ಕಾಲುದಾರಿಯಲ್ಲಿ ಹೆಜ್ಜೆಯಿಡಲೂ ಸರದಿ ನಿಲ್ಲಬೇಕಾಯಿತು. ಸರ್ಕಾರ ಚಾರಣವನ್ನು ತಡೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ, ಒಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿಯೊಂದಿಗೆ ಬುಕಿಂಗ್ ಆರಂಭವಾಯಿತು. ಅದೇ ತಿಂಗಳು ತಮಿಳುನಾಡು ಕೂಡ ತನ್ನ 40 ಚಾರಣದಾರಿಗಳಿಗೆ ಆನ್‌ಲೈನ್ ಪರವಾನಗಿ ತಂದಿತು.